ಶುಕ್ರವಾರದ ರೋಗಿ

ದಮ್ಮಾಮ್‌ನ ನಮ್ಮ ಮನೆಯಲ್ಲಿ ಅಡುಗೆಕೋಣೆಯ ಬಾಗಿಲಿಗೆ ಒಂದು ವೇಳಾಪಟ್ಟಿ ಅಂಟಿಸಿತ್ತು. ಬರೆದವಳು ನಾನು, ಪಾಲಿಸಿದವರು ನಾಲ್ವರು, ಗೊಣಗಿದವರು ಮೂವರು. ನಾಲ್ಕೂವರೆಗೆ ಏಳುವುದು, ಸ್ನಾನಕ್ಕೆ ತಲಾ ಎಂಟು ನಿಮಿಷ, ಐದೂಕಾಲಿಗೆ ಪ್ರಾರ್ಥನೆ, ಐದೂವರೆಗೆ ತಿಂಡಿ. ಮಗ ಪ್ರದೀಪ್ ಎಣ್ಣೆಬಾವಿಗಳಿಗೆ ಯಂತ್ರ ಒದಗಿಸುವ ಕಂಪನಿಯೊಂದರಲ್ಲಿದ್ದ. ಅವನ ಬಸ್ಸು ಆರಕ್ಕೆ ಐದು ನಿಮಿಷ ಇರುವಾಗ ಕೆಳಗೆ ಬಂದು ನಿಲ್ಲುತ್ತಿತ್ತು. ಸೊಸೆ ಶೀಲಾ ಭಾರತೀಯ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದಳು. ಅವಳೂ ಮೊಮ್ಮಗಳು ಕೃಪಾಳೂ ಪರದೆ ಹಾಕಿದ ಶಾಲೆಯ ವ್ಯಾನಿನಲ್ಲಿ ಆರೂಕಾಲಿಗೆ ಹೊರಡುತ್ತಿದ್ದರು. ನಾನು ಒಂದು ಖಾಸಗಿ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸಾ ವಾರ್ಡಿನ ಮೇಲ್ವಿಚಾರಕಿ. ಕೊನೆಗೆ ಹೊರಡುವವಳು ನಾನಾದ್ದರಿಂದ ಗ್ಯಾಸ್, ನಲ್ಲಿ, ಏಸಿ ಮೂರನ್ನೂ ಮುಟ್ಟಿ ನೋಡುವ ಕೆಲಸ ನನ್ನದು. ಕಣ್ಣಿನಿಂದ ನೋಡಿದರೆ ಸಾಲದು, ಮುಟ್ಟಬೇಕು ಎಂದು ಊರಿನ ಮಿಷನ್ ಆಸ್ಪತ್ರೆಯ ಹಾಸ್ಟೆಲಿನಲ್ಲಿ ನಮ್ಮ ಮೇಟ್ರನ್ ಕಲಿಸಿದ್ದರು. ಅವರು ಬೆಳಿಗ್ಗೆ ಮಂಚದ ಕೆಳಗೆ ಬೆರಳಾಡಿಸಿ ಧೂಳು ಹುಡುಕುತ್ತಿದ್ದರು. ಸಿಕ್ಕಿದ ದಿನ ಆ ಕೋಣೆಯವರಿಗೆ ಚಹಾ ಇಲ್ಲ. ಹದಿನೆಂಟನೆಯ ವಯಸ್ಸಿನಲ್ಲಿ ಮೈಗೆ ಹತ್ತಿದ ಆ ಶಿಸ್ತು ಸಮುದ್ರ ದಾಟಿದ ಮೇಲೂ ಬಿಡಲಿಲ್ಲ.

ಮನೆ ಮೂರನೆಯ ಮಹಡಿಯಲ್ಲಿ. ಮಲಗುವ ಕೋಣೆ ಎರಡು, ಎದುರಿನ ದೊಡ್ಡ ಕೋಣೆ ಒಂದು. ಕಿಟಕಿಗಳು ಸದಾ ಮುಚ್ಚಿಯೇ ಇರುತ್ತಿದ್ದವು, ಆದರೂ ಮರಳು ಹೇಗೋ ಒಳಗೆ ಬಂದು ಅಕ್ಕಿಯ ಡಬ್ಬಿಯ ಮುಚ್ಚಳದ ಮೇಲೆ ಕೂತಿರುತ್ತಿತ್ತು. ಬೆಳಿಗ್ಗೆ ಗಂಜಿ ಚಟ್ನಿ, ಸಂಜೆ ಕೆಳಗಿನ ಅಂಗಡಿಯ ಬಿಸಿ ಖುಬ್ಬೂಸ್ ರೊಟ್ಟಿ, ಶನಿವಾರ ಮೀನು. ಮೀನನ್ನು ಖತೀಫ್‌ನ ಮಾರುಕಟ್ಟೆಯಿಂದ ತಂದುಕೊಡುತ್ತಿದ್ದವರು ಎದುರು ಮನೆಯ ಅಬೂಬಕರ್, ಉಪ್ಪಿನಂಗಡಿಯ ಕಡೆಯ ಬ್ಯಾರಿ. ಬೆಳಗಿನ ಪ್ರಾರ್ಥನೆ ನಮ್ಮದು ಮೆಲುದನಿಯದು. ಗೋಡೆ ತೆಳು, ದೇಶ ಬೇರೆಯವರದು. ಕೀರ್ತನೆಗಳನ್ನು ಹಾಡದೆ ಓದುತ್ತಿದ್ದೆವು. ಕೃಪಾ ಅಷ್ಟು ಸಣ್ಣ ದನಿಯಲ್ಲೂ ಸಾಲಿನ ಕೊನೆಯ ಅಕ್ಷರವನ್ನು ನುಂಗುತ್ತಿರಲಿಲ್ಲ. ಆಗ ಅವಳಿಗೆ ಒಂಬತ್ತು ವರ್ಷ.

ಅವಳು ಈಗ ಆಸ್ಟ್ರೇಲಿಯಾದಲ್ಲಿ ನಟಿ. ಹನ್ನೊಂದನೆಯ ವಯಸ್ಸಿಗೆ ಅಪ್ಪ ಅಮ್ಮನ ಜೊತೆ ಅಡಿಲೇಡಿಗೆ ಹೋದವಳು ಅಲ್ಲಿಯೇ ಓದಿ, ನಾಟಕದ ತರಗತಿಗೆ ಸೇರಿದಳು. ಮೊದಲು ಹಿಡಿದ ಸಂಬಳದ ಕೆಲಸ ವೈದ್ಯಕೀಯ ವಿದ್ಯಾರ್ಥಿಗಳ ಮುಂದೆ ರೋಗಿಯಾಗಿ ಮಲಗುವುದು. ಆಮೇಲೆ ಟೀವಿಯಲ್ಲಿ ಆಸ್ಪತ್ರೆಯ ಕಥೆಯ ಒಂದು ಧಾರಾವಾಹಿ, ಅದರಲ್ಲಿ ಹೊಸದಾಗಿ ಬಂದ ವೈದ್ಯೆಯ ಪಾತ್ರ. ಕಳೆದ ವರ್ಷ ಒಂದು ಸಿನಿಮಾ. ಕಡಲ ದಂಡೆಯಲ್ಲಿ ಸಿಂಪಿ ಸಾಕುವ ಮನೆಯವರ ಕಥೆ, ಅವಳಿಗೆ ಮಾತು ಕಡಿಮೆ, ಕೆಲಸ ಹೆಚ್ಚು. ಪಿಸುಮಾತು ಕೂಡ ಹಿಂದಿನ ಸಾಲಿಗೆ ಕೇಳುತ್ತದೆ ಎಂದು ಅಲ್ಲಿಯ ಪತ್ರಿಕೆಯೊಂದು ಬರೆದಿತ್ತು. ನಮ್ಮ ಕಡೆಯಲ್ಲಿ ಕ್ರಿಸ್‌ಮಸ್ ನಾಟಕದಲ್ಲಿ ಕುರಿಯಾಗಿ ನಿಂತದ್ದಕ್ಕಿಂತ ಹೆಚ್ಚಿನ ನಟನೆ ಯಾರೂ ಮಾಡಿದವರಲ್ಲ, ಹಾಗಾಗಿ ಎಲ್ಲಿ ಕಲಿತಳೆಂದು ಎಲ್ಲರೂ ಕೇಳುತ್ತಾರೆ. ಅಜ್ಜಿಯಿಂದ ಎನ್ನುತ್ತಾಳೆ. ಅಜ್ಜಿ ನರ್ಸ್, ಒಮ್ಮೆ ನನ್ನ ಹೊಟ್ಟೆಯ ಮೇಲೆ ಕೈ ಇಟ್ಟು ಜೀವ ಉಳಿಸಿದಳು ಎಂದೂ ಸೇರಿಸುತ್ತಾಳೆ. ಮೊದಲನೆಯದು ಅರ್ಧ ಸರಿ, ಎರಡನೆಯದು ಸರಿಯಲ್ಲ. ಆ ಕೈ ನನ್ನದಲ್ಲ, ನನ್ನ ವಾರ್ಡಿನ ಹರಿಣಾಕ್ಷಿಯದು. ಆ ವಾರ ಹರಿಣಾಕ್ಷಿಯ ಕೆಲಸ ಉಳಿಯುತ್ತದೋ ಹೋಗುತ್ತದೋ ಎಂಬುದು ನನ್ನ ಮೇಜಿನ ಖಾನೆಯ ಒಂದು ಹಾಳೆಯ ಮೇಲೆ ನಿಂತಿತ್ತು. ಆ ಹಾಳೆಯಲ್ಲಿ ನಾನು ಆಗಲೇ ‘ಬೇಡ’ ಎಂದು ಬರೆದಾಗಿತ್ತು. ನಡೆದದ್ದನ್ನು ಕ್ರಮವಾಗಿ ಹೇಳುತ್ತೇನೆ.

ಆ ವರ್ಷ ನಮ್ಮ ಆಸ್ಪತ್ರೆಯಲ್ಲಿ ಪ್ರತಿಯೊಬ್ಬ ನರ್ಸಿಗೂ ಪ್ರಾಯೋಗಿಕ ಪರೀಕ್ಷೆ ಕಡ್ಡಾಯವಾಯಿತು. ಒಂದು ಮಂಚ, ಅದರ ಮೇಲೆ ರೋಗಿಯಂತೆ ನಟಿಸುವ ಒಬ್ಬರು, ಹತ್ತು ನಿಮಿಷ. ಅಷ್ಟರಲ್ಲಿ ಕೈ ತೊಳೆದು, ಹೆಸರು ಕೇಳಿ, ಮಣಿಕಟ್ಟಿನ ಪಟ್ಟಿ ನೋಡಿ, ನೋವು ಎಲ್ಲಿ, ಯಾವಾಗಿನಿಂದ, ಎಂಥದ್ದು ಎಂದು ಹದಿನಾಲ್ಕು ಪ್ರಶ್ನೆಗಳನ್ನು ಕ್ರಮ ತಪ್ಪದೆ ಕೇಳಿ ವೈದ್ಯರಿಗೆ ವರದಿ ಒಪ್ಪಿಸಬೇಕು. ನಮ್ಮೂರ ಕಡೆಯ ಇಬ್ಬರು ಹುಡುಗಿಯರನ್ನು ನಾನು ಶುಕ್ರವಾರ ರಜೆಯ ದಿನ ಮನೆಗೆ ಕರೆದು ಅಭ್ಯಾಸ ಮಾಡಿಸುತ್ತಿದ್ದೆ. ಕಿನ್ನಿಗೋಳಿಯ ಜೆಸಿಂತಾ ಹದಿನಾಲ್ಕು ಪ್ರಶ್ನೆಗಳನ್ನು ಜಪಮಾಲೆಯ ಹಾಗೆ ಒಂದೇ ಉಸಿರಿಗೆ ಮುಗಿಸುತ್ತಿದ್ದಳು. ಕಾರ್ಕಳದ ಹರಿಣಾಕ್ಷಿ ಎರಡನೆಯ ಪ್ರಶ್ನೆಗೇ ನಿಲ್ಲುತ್ತಿದ್ದಳು. ರೋಗಿಗಳ ಮಂಚದ ತುದಿಯಲ್ಲಿ ಕೂತು ಹರಟುವುದು ಅವಳ ದುರಭ್ಯಾಸ; ಯಾವ ಮುದುಕನಿಗೆ ಎಷ್ಟು ಮಕ್ಕಳು ಎಂದು ಅವಳಿಗೆ ಗೊತ್ತು, ಅವನ ಚಾರ್ಟು ತುಂಬಿಸಿದ್ದಾಳೆಯೇ ಎಂದು ಕೇಳಿದರೆ ನಾಲಿಗೆ ಕಚ್ಚಿಕೊಳ್ಳುವಳು. ಅವಳ ಒಪ್ಪಂದದ ಅವಧಿ ಮುಗಿಯುತ್ತಾ ಬಂದಿತ್ತು. ನವೀಕರಿಸದಿದ್ದರೆ ಇಲ್ಲಿ ವಾಸಿಸುವ ಪರವಾನಗಿ, ಇಕಾಮಾ, ರದ್ದು, ಕೈಗೆ ಊರಿನ ಟಿಕೆಟ್. ಊರಿನಲ್ಲಿ ಅವಳ ತಂಗಿ ಇವಳನ್ನೇ ನಂಬಿ ಓದುತ್ತಿದ್ದಳು. ಇದೆಲ್ಲ ನನಗೆ ಗೊತ್ತಿತ್ತು. ಆದರೆ ವರದಿಯಲ್ಲಿ ತಂಗಿಗೆ ಜಾಗವಿಲ್ಲ. ‘ಕ್ರಮವಿಲ್ಲ, ಗಮನಿಸುವ ಶಕ್ತಿ ಕಡಿಮೆ, ನವೀಕರಣಕ್ಕೆ ಶಿಫಾರಸು ಮಾಡಲಾರೆ’ ಎಂದು ಬರೆದು, ಭಾನುವಾರ ಬೆಳಿಗ್ಗೆ ಕೊಡಲೆಂದು ಖಾನೆಯಲ್ಲಿಟ್ಟಿದ್ದೆ. ನಾನೂ ಒಬ್ಬ ಪರೀಕ್ಷಕಿಯಾಗಿದ್ದ ಮಂಗಳವಾರದ ಪರೀಕ್ಷೆ ಅವಳ ಪಾಲಿಗೆ ಬರೀ ಶಾಸ್ತ್ರ. ಅವಳಿಗೆ ಅದನ್ನು ಹೇಳಿರಲಿಲ್ಲ, ಆದರೆ ಅವಳಿಗೆ ಗೊತ್ತಿತ್ತು ಎಂದು ಈಗ ಅನಿಸುತ್ತದೆ.

ಮೊದಲು ದಿಂಬನ್ನೇ ರೋಗಿ ಮಾಡಿ ಮಲಗಿಸುತ್ತಿದ್ದೆವು. ಒಂದು ಶುಕ್ರವಾರ ಕೃಪಾ ದಿಂಬನ್ನು ಕೆಳಗಿಟ್ಟು ಆ ಜಾಗದಲ್ಲಿ ತಾನು ಮಲಗಿದಳು. ನಾನು ಕಾರ್ಡುಗಳನ್ನು ಬರೆದುಕೊಟ್ಟೆ: ಅಬ್ದುಲ್ಲಾ, ಅರವತ್ತು ವರ್ಷ, ಎದೆನೋವು, ಎಡಗೈಗೆ ಹರಡುತ್ತದೆ; ಮರಿಯಂ, ಮೂವತ್ತು, ಉಬ್ಬಸ. ಅವಳು ಕಾರ್ಡನ್ನು ಎರಡು ಸಲ ಓದಿ ಮಡಚಿ ತಲೆಯ ಕೆಳಗಿಟ್ಟುಕೊಂಡು ಕಣ್ಣು ಮುಚ್ಚುವಳು. ತೆರೆದಾಗ ಬೇರೆಯವರ ಕಣ್ಣು. ನಾನು ನರ್ಸಿಗೂ ರೋಗಿಗೂ ಹತ್ತಕ್ಕೆ ಇಷ್ಟು ಎಂದು ಪುಸ್ತಕವೊಂದರಲ್ಲಿ ಮಾರ್ಕು ಬರೆಯುತ್ತಿದ್ದೆ. ರೋಗಿಗೆ ಒಂದೇ ನಿಯಮ: ಅಡುಗೆಮನೆಯ ಟೈಮರು ಗಂಟೆ ಹೊಡೆಯುವವರೆಗೆ ಎದ್ದು ಬರುವಂತಿಲ್ಲ, ನಗುವಂತಿಲ್ಲ, ನೀರು ಕೇಳುವಂತಿಲ್ಲ. ತಪ್ಪಿದರೆ ತಲಾ ಒಂದು ಮಾರ್ಕು ಕಡಿತ. ಮೂರು ತಿಂಗಳಲ್ಲಿ ಅವಳು ಒಮ್ಮೆಯೂ ತಪ್ಪಲಿಲ್ಲ. ನನಗೆ ಅದು ದೊಡ್ಡ ಹೆಮ್ಮೆ. ತೊಂದರೆ ಇದ್ದದ್ದು ಅವಳ ಪ್ರಶ್ನೆಗಳಲ್ಲಿ.

“ಅಜ್ಜಿ, ಈ ಅಬ್ದುಲ್ಲಾನಿಗೆ ಸಿಟ್ಟು ಯಾರ ಮೇಲೆ?”

“ಸಿಟ್ಟು ಕಾರ್ಡಿನಲ್ಲಿ ಇಲ್ಲ. ಎದೆನೋವು ಉಂಟು. ಅಷ್ಟು ಮಾಡು ಸಾಕು.”

ಗೋಡೆಗೆ ಒರಗಿ ತನ್ನ ಸರದಿ ಕಾಯುತ್ತಿದ್ದ ಹರಿಣಾಕ್ಷಿ ಆಗ ಬಾಯಿ ಹಾಕಿದಳು.

“ಸಿಟ್ಟು ಮಗನ ಮೇಲೆ ಮಗಾ. ಅವ ದೂರದ ಹಾಯಿಲ್‌ನಲ್ಲಿ ಇರುದು, ಫೋನ್ ಮಾಡಿದ್ರೆ ಎತ್ತುದಿಲ್ಲ. ಇವತ್ತು ಬರ್ತೇನೆ ಹೇಳಿದ್ದಾನೆ, ಬರ್ತಾನೋ ಇಲ್ವೋ.”

ಆ ದಿನ ಅಬ್ದುಲ್ಲಾ ಎದೆ ಹಿಡಿದುಕೊಂಡು ಹತ್ತು ನಿಮಿಷವೂ ಬಾಗಿಲನ್ನೇ ನೋಡುತ್ತಿದ್ದ. ಜೆಸಿಂತಾಳ ಕಣ್ಣಲ್ಲಿ ನೀರು ಬಂತು, ಒಂಬತ್ತನೆಯ ಪ್ರಶ್ನೆ ಮರೆತಳು. ನಾನು ಕೃಪಾಳಿಗೆ ಒಂಬತ್ತು ಮಾರ್ಕು ಕೊಟ್ಟು, ಹರಿಣಾಕ್ಷಿಗೆ ಮಧ್ಯೆ ಮಾತಾಡಬಾರದೆಂದು ತಾಕೀತು ಮಾಡಿದೆ. ಆಮೇಲೆ ಅವರಿಬ್ಬರೂ ನನಗೆ ಕೇಳದಂತೆ ಅಡುಗೆಕೋಣೆಯಲ್ಲಿ ಚಹಾ ಸೋಸುವಾಗ ರೋಗಿಗಳ ಸಂಸಾರ ಕಟ್ಟಲು ಶುರುಮಾಡಿದರು. ಮರಿಯಂಗೆ ನಾದಿನಿ ಒಬ್ಬಳು ಬಂದಳು. ಕಾಲು ಮುರಿದ ಮುದುಕಿಗೆ ಹಿಂದಿರುಗಿ ಬಾರದ ಒಂದು ಮೇಕೆ ಬಂತು. ನಟನೆ ಕಲಿಸಿದವರು ಯಾರೆಂದು ಲೆಕ್ಕ ಹಾಕಿದರೆ ಅಲುಗಾಡದೆ ಮಲಗುವುದನ್ನು ನಾನು ಕಲಿಸಿದೆ, ಉಳಿದದ್ದು ಆ ಅಡುಗೆಕೋಣೆಯದು.

ಪರೀಕ್ಷೆಗೆ ಮೊದಲಿನ ಶುಕ್ರವಾರ ಪ್ರದೀಪ್ ಮತ್ತು ಶೀಲಾ ತಿಂಗಳಿಗೊಮ್ಮೆ ಹೋಗುವಂತೆ ಸಮುದ್ರದ ಸೇತುವೆ ದಾಟಿ ಬಹರೈನಿನ ಇಗರ್ಜಿಗೆ ಹೊರಟರು. ಕೃಪಾಳೂ ಹೋಗಬೇಕಿತ್ತು. ಕೊನೆಯ ಅಭ್ಯಾಸ, ರೋಗಿ ಬೇಕು ಎಂದು ನಾನೇ ಉಳಿಸಿಕೊಂಡೆ. ಐದೂವರೆಗೆ ಗಂಜಿಯನ್ನು ಅರ್ಧಕ್ಕೆ ಬಿಟ್ಟು, ಹೊಟ್ಟೆ ಒಂಥರಾ ಆಗ್ತದೆ ಅಜ್ಜಿ ಎಂದಳು. ಹಿಂದಿನ ದಿನ ಅಬೂಬಕರ್ ಮನೆಯಿಂದ ಬಿರಿಯಾನಿ ಬಂದಿತ್ತು; ಇವಳು ಎರಡು ಸಲ ಹಾಕಿಸಿಕೊಂಡಿದ್ದಳು. ಜೀರಿಗೆ ನೀರು ಕೊಟ್ಟೆ. ವಾರ್ಡಿನಲ್ಲಿ ಯಾವ ಮಗು ಹಾಗೆಂದರೂ ಮಲಗಿಸಿ ಹೊಟ್ಟೆ ಮುಟ್ಟಿ ನೋಡುತ್ತಿದ್ದೆ. ಮನೆಯಲ್ಲಿ ಮುಟ್ಟಲಿಲ್ಲ.

ಎಂಟಕ್ಕೆ ಹುಡುಗಿಯರು ಬಂದರು, ಮೇಲೆ ತೊಟ್ಟ ಕಪ್ಪು ಅಬಾಯಾಗಳನ್ನು ಮೊಳೆಗೆ ತೂಗುಹಾಕಿ ಕೈ ತೊಳೆದರು. ಜೆಸಿಂತಾಳ ಎದುರು ಕೃಪಾ ಉಬ್ಬಸದ ಮರಿಯಂ ಆದಳು. ಉಸಿರು ಎಳೆಯಲು ಮನಸ್ಸೇ ಇಲ್ಲದ ಹಾಗಿತ್ತು. ಇವತ್ತು ಸಪ್ಪೆ, ಆರು ಮಾರ್ಕು ಎಂದೆ. ಅವಳು ವಾದಿಸಲಿಲ್ಲ. ವಾದಿಸದ್ದೇ ನನಗೆ ಸೂಚನೆಯಾಗಬೇಕಿತ್ತು. ಮುಂದಿನದು ಹರಿಣಾಕ್ಷಿಯ ಸರದಿ. ಕಾರ್ಡು ಮೂತ್ರಪಿಂಡದ ಕಲ್ಲಿನದು. ಟೈಮರು ತಿರುಗಿಸಿದೆ. ಹರಿಣಾಕ್ಷಿ ಹೆಸರು ಕೇಳಿದಳು, ಪಟ್ಟಿ ನೋಡಿದಳು, ನೋವು ಎಲ್ಲಿ ಎಂದಳು. ಕೃಪಾ ಬಲಬದಿಯ ಕೆಳಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು, ಮೊಣಕಾಲು ಮಡಚಿ, ಕದಲದೆ ಮಲಗಿದ್ದಳು. ನನಗೆ ಸಿಟ್ಟು ಬಂತು. ಕಲ್ಲಿನ ನೋವಿನವರು ಒಂದು ಗಳಿಗೆ ಸುಮ್ಮನೆ ಮಲಗುವುದಿಲ್ಲ, ಹೊರಳಾಡುತ್ತಾರೆ. ಕೈ ಸೊಂಟದ ಹಿಂದೆ ಹೋಗುತ್ತದೆ. ಅದನ್ನೇ ಹೇಳಿದೆ.

“ಕೈ ತಪ್ಪು ಜಾಗದಲ್ಲಿ ಉಂಟು. ಹಿಂದೆ ಇಡು. ಹೊರಳಾಡು.”

ಅವಳು ಕೈಯನ್ನು ಹಿಂದಕ್ಕೆ ಒಯ್ದಳು. ಹೊರಳಿದಳು. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ, ನಾನು ಹೇಳಿದ ಹಾಗೆಯೇ. ಬಾಯಿಂದ ಒಂದು ಸಣ್ಣ ಸದ್ದು ಬಂತು. ಈಗ ಸರಿಯಾಯಿತು ಎಂದು ನಾನು ಪುಸ್ತಕದಲ್ಲಿ ಎಂಟು ಬರೆದೆ. ಕರುಳಿಗೆ ಉರಿಯೂತ ಹತ್ತಿದವರಿಗೆ ಹೊರಳುವುದೆಂದರೆ ಎಂಥ ಯಾತನೆಯೆಂದು ಮೂವತ್ತೈದು ವರ್ಷ ಶಸ್ತ್ರಚಿಕಿತ್ಸಾ ವಾರ್ಡಿನಲ್ಲಿ ಕಂಡವಳು ನಾನು. ಆ ಎಂಟು ಈಗಲೂ ಆ ಪುಸ್ತಕದಲ್ಲಿ ಇದೆ. ಅಳಿಸಿಲ್ಲ.

ಹರಿಣಾಕ್ಷಿ ಪ್ರಶ್ನೆ ನಿಲ್ಲಿಸಿದಳು. ಕ್ರಮದಲ್ಲಿ ಇಲ್ಲದ ಕೆಲಸ ಮಾಡಿದಳು: ಬಗ್ಗಿ ಕೃಪಾಳ ಕಾಲಿನ ಬೆರಳುಗಳನ್ನು ನೋಡಿದಳು, ಅವು ಒಳಕ್ಕೆ ಬಿಗಿದು ಮಡಚಿದ್ದವು. ಆಮೇಲೆ ಹೊಟ್ಟೆಯ ಮೇಲೆ ಅಂಗೈ ಇಟ್ಟು ಮೆಲ್ಲನೆ ಒತ್ತಿ ಬಿಟ್ಟಳು. ಬಿಟ್ಟಾಗ ಕೃಪಾಳ ಮುಖ ಬಿಳಿಚಿತು.

“ಸಿಸ್ಟರ್, ಇದು ಕಾರ್ಡಿನ ನೋವಲ್ಲ.”

“ನಿಮ್ಮ ಸಮಯ ಓಡ್ತಾ ಉಂಟು. ಐದನೆಯ ಪ್ರಶ್ನೆ.”

ಅವಳು ನನ್ನ ಮಾತು ಮೀರಿದ್ದು ಅದೇ ಮೊದಲು. ನೆಲದ ಮೇಲೆ ಕೂತು ಕೃಪಾಳ ಗಲ್ಲವನ್ನು ತನ್ನ ಕಡೆಗೆ ತಿರುಗಿಸಿಕೊಂಡಳು.

“ಮಗಾ, ನನ್ನನ್ನು ನೋಡು. ಆಟ ಮುಗೀತು. ನಿಜವಾಗಿ ಎಂತ ಆಗ್ತದೆ?”

ಕೃಪಾಳ ಕಣ್ಣು ನನ್ನ ಕಡೆ ತಿರುಗಿತು.

“ಅಜ್ಜಿ, ನಾನು ನಿಲ್ಲಿಸಬಹುದಾ?”

ಟೈಮರಿನಲ್ಲಿ ಇನ್ನೂ ನಾಲ್ಕು ನಿಮಿಷ ಇತ್ತು. ಅದನ್ನು ನೋಡಿದ್ದು ನನಗೆ ನೆನಪಿದೆ. ಆಮೇಲೆ ಎಲ್ಲವೂ ಬೇಗ ನಡೆಯಿತು. ಬೇಗ ಮಾಡುವುದು ನನಗೆ ಗೊತ್ತಿರುವ ಕೆಲಸ. ಜ್ವರ ನೋಡಿದೆ, ನಾಡಿ ಎಣಿಸಿದೆ, ಜೆಸಿಂತಾಳನ್ನು ಎದುರು ಮನೆಗೆ ಓಡಿಸಿದೆ. ಅಬೂಬಕರ್ ಶುಕ್ರವಾರದ ನಮಾಝಿಗೆ ಸ್ನಾನ ಮಾಡಿ, ಬಿಳಿ ಅಂಗಿ ತೊಟ್ಟು, ಅತ್ತರು ಹಚ್ಚಿ ಸಿದ್ಧರಾಗಿದ್ದರು. ಒಂದು ಮಾತು ಕೇಳದೆ ಕೃಪಾಳನ್ನು ಎತ್ತಿಕೊಂಡು ಮೂರು ಮಹಡಿ ಇಳಿದರು. ದಾರಿಯಲ್ಲಿ ಅವಳು ಅವರ ಬಿಳಿ ಅಂಗಿಯ ಮೇಲೆ ವಾಂತಿ ಮಾಡಿಕೊಂಡಳು. ಪರವಾಗಿಲ್ಲ ಮಗಳೇ, ನಮಾಝಿಗೆ ಇನ್ನೊಂದು ಅಂಗಿ ಉಂಟು ಎಂದರು. ಆಸ್ಪತ್ರೆಯಲ್ಲಿ ಸುಡಾನಿನ ಸರ್ಜನ್ ಪರೀಕ್ಷಿಸಿ, ನೋವು ಯಾವಾಗ ಶುರುವಾಯಿತು ಎಂದು ಅವಳನ್ನೇ ಕೇಳಿದರು. ಅವಳು ನನ್ನ ಮುಖ ನೋಡಿ, ಈಗ ಸ್ವಲ್ಪ ಹೊತ್ತಿನ ಹಿಂದೆ ಎಂದಳು. ನಾನು ಅವರನ್ನು ಪರದೆಯ ಆಚೆ ಕರೆದು, ಬೆಳಿಗ್ಗೆ ಐದೂವರೆಗೆ ಎಂದೆ. ಈ ನಡುವೆ ಹೊರಳಾಡಿಸಿದ್ದೇನೆ ಎಂದೂ ಹೇಳಿದೆ. ಅವರು ಸಮಯವನ್ನು ಮಾತ್ರ ಬರೆದುಕೊಂಡರು. ಪ್ರದೀಪ್ ಫೋನಿನಲ್ಲಿ ಒಪ್ಪಿಗೆ ಕೊಟ್ಟ. ಅಪೆಂಡಿಕ್ಸ್ ಒಡೆಯುವ ಹಂತದಲ್ಲಿತ್ತು. ತಡವಾಗಿಲ್ಲ ಎಂದರು ಸರ್ಜನ್, ಕೈಗವಸು ತೆಗೆಯುತ್ತಾ. ವೈದ್ಯರಿಗೆ ನಾನು ಸುಳ್ಳು ಹೇಳಲಿಲ್ಲ. ಮನೆಯವರಿಗೆ ನಿಜ ಹೇಳಿದೆನೇ ಎಂದರೆ, ಹೇಳಲಿಲ್ಲ. ಯಾರೂ ಕೇಳಲೂ ಇಲ್ಲ. ಸೇತುವೆಯ ತಪಾಸಣೆ ದಾಟಿ ಮಧ್ಯಾಹ್ನ ಬಂದವರು ಮಗುವನ್ನು ನೋಡಿದರು, ನನ್ನನ್ನು ತಬ್ಬಿಕೊಂಡರು.

ಕೇಳಿದ್ದು ಮರುದಿನ. ಶನಿವಾರ ಬೆಳಿಗ್ಗೆ ಮಂಚದ ಸುತ್ತ ಎಲ್ಲರೂ ಇದ್ದೆವು. ಅಬೂಬಕರ್ ದಂಪತಿ ಹಣ್ಣು ತಂದಿದ್ದರು. ಹರಿಣಾಕ್ಷಿ ಡ್ಯೂಟಿಯ ನಡುವೆ ಫ್ಲಾಸ್ಕಿನಲ್ಲಿ ಚಹಾ ತಂದು ಲೋಟಗಳಿಗೆ ಹಾಕುತ್ತಿದ್ದಳು. ಇದು ಅಪೆಂಡಿಕ್ಸ್ ಅಂತ ಮೊದಲು ಯಾರಿಗೆ ಅನಿಸಿದ್ದು ಎಂದು ಶೀಲಾ ಕೇಳಿದಳು. ನಾನು ಮಾತು ಜೋಡಿಸುತ್ತಿದ್ದೆ. ಅಷ್ಟರಲ್ಲಿ ಕೃಪಾ ಶುರುಮಾಡಿದಳು. ತಾನು ಮರಿಯಂ ಆಗಿ ಉಬ್ಬಸ ಮಾಡಿದ್ದು, ಇ‌ದ್ದಕ್ಕಿದ್ದಂತೆ ಚುಚ್ಚಿದ್ದು, ಅಜ್ಜಿ ಪುಸ್ತಕ ಕೆಳಗಿಟ್ಟದ್ದು, ಅಜ್ಜಿಯ ಕೈ ತಣ್ಣಗಿದ್ದದ್ದು. ಕೈ ತಣ್ಣಗಿತ್ತು ಎನ್ನುವ ಮೊದಲು ಒಂದು ಗಳಿಗೆ ನಿಂತಳು. ಶೀಲಾ ಅಳಲು ಶುರುಮಾಡಿದ್ದು ಅಲ್ಲಿಯೇ.

“ಸಿಸ್ಟರಮ್ಮನ ಕೈ ಅಂದ್ರೆ ಸ್ಕ್ಯಾನಿಂಗ್ ಮಿಶಿನ್ ಮಾರಾಯ್ರೆ,” ಎಂದರು ಅಬೂಬಕರ್.

ಹರಿಣಾಕ್ಷಿ ನನಗೆ ಲೋಟ ಕೊಟ್ಟಳು. ಅವಳ ಮುಖದಲ್ಲಿ ಪ್ರಶ್ನೆ ಇರಲಿಲ್ಲ, ದೂರು ಇರಲಿಲ್ಲ. ನಾನು ಚಹಾ ಕುಡಿದೆ. ಎಲ್ಲರೂ ಹೊರಗೆ ಹೋದ ಮೇಲೆ ಕೃಪಾ ನನ್ನ ಸೆರಗು ಎಳೆದಳು.

“ಅಜ್ಜಿ, ಎಷ್ಟು?”

“ಎಂತ ಎಷ್ಟು?”

“ಮಾರ್ಕು. ಹರಿಣಾಕ್ಷಿಯಕ್ಕ ಹೇಳಿಕೊಟ್ಟದ್ದು. ಅಜ್ಜಿ ಕೈ ಇಟ್ಟರು ಅಂತ ಹೇಳು, ಇಲ್ಲಾಂದ್ರೆ ಅಮ್ಮ ಅಜ್ಜಿಗೆ ಬಯ್ತಾರೆ ಅಂದ್ರು. ತಣ್ಣಗಿನ ಕೈ ನಾನೇ ಸೇರಿಸಿದ್ದು.”

ನಾನು ಮಾರ್ಕು ಕೊಡಲಿಲ್ಲ. ದಿಂಬು ಸರಿಮಾಡಿ, ಮಲಗು ಎಂದೆ. ಕಾರಿಡಾರಿಗೆ ಬಂದೆ. ಗಮನಿಸುವ ಶಕ್ತಿ ಕಡಿಮೆ ಎಂದು ನಾನು ಬರೆದ ಹುಡುಗಿ, ನನ್ನ ಮನೆಯಲ್ಲಿ ನಾನು ಕಾಣದ್ದನ್ನು ಕಂಡು, ಆಮೇಲೆ ಅದನ್ನು ಕಂಡವಳು ನಾನೇ ಎಂದು ನನ್ನ ಮೊಮ್ಮಗಳಿಗೆ ಕಥೆ ಕಟ್ಟಿಕೊಟ್ಟಿದ್ದಳು. ಅವಳ ಎರಡು ವರ್ಷದ ಅನ್ನ ನನ್ನ ಖಾನೆಯಲ್ಲಿತ್ತು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಆ ಹಾಳೆ ಭಾನುವಾರ ಇದ್ದ ಹಾಗೆಯೇ ಹೋಗುತ್ತಿತ್ತು, ನನ್ನ ಹೆಸರು ಇನ್ನಷ್ಟು ದೊಡ್ಡದಾಗುತ್ತಿತ್ತು. ಆ ಸುಖ ನನಗೆ ಬೇಡವಾಗಿತ್ತು ಎಂದು ಹೇಳಿದರೆ ಅದೂ ಸುಳ್ಳೇ. ಬೆಳಿಗ್ಗೆಯಿಂದ ಫೋನಿನಲ್ಲಿ ಹೊಗಳಿಕೆ ಕೇಳಿ ಕಿವಿಗೆ ಹಿತವಾಗಿತ್ತು.

ಸಂಜೆ ಆಸ್ಪತ್ರೆಯಲ್ಲಿ ಜೆಸಿಂತಾಳನ್ನು ಕೂರಿಸಿ ನಾವು ಮೂವರೂ ಊಟಕ್ಕೆ ಮನೆಗೆ ಬಂದಾಗ, ಖುಬ್ಬೂಸ್ ಹರಿಯುತ್ತಾ, ನಡೆದದ್ದನ್ನು ಐದೂವರೆಯಿಂದ ಶುರುಮಾಡಿ ಕ್ರಮವಾಗಿ ಹೇಳಿದೆ. ಜೀರಿಗೆ ನೀರು, ಆರು ಮಾರ್ಕು, ಹೊರಳಾಡು ಎಂದದ್ದು, ಎಂಟು ಮಾರ್ಕು, ಹರಿಣಾಕ್ಷಿಯ ಕೈ. ಪ್ರದೀಪ್ ರೊಟ್ಟಿ ಕೆಳಗಿಟ್ಟು ಎದ್ದು ಹೋಗಿ ಕೈ ತೊಳೆದ. ತುಂಬ ಹೊತ್ತು ತೊಳೆದ. ಶೀಲಾ ಮೇಜಿನ ಮೇಲಿನ ಮರಳನ್ನು ಬೆರಳಿನಿಂದ ಒಂದು ಕಡೆ ಗುಡ್ಡೆ ಮಾಡುತ್ತಿದ್ದಳು.

“ಅತ್ತೆ, ಬೆಳಿಗ್ಗೆ ಅವಳು ಹೇಳಿದ್ದು ನನಗೂ ಕೇಳಿತ್ತು. ನಾನು ಮೆಟ್ಟಿಲ ಮೇಲಿದ್ದೆ. ನೀವಿದ್ದೀರಲ್ಲ ಅಂತ ಇಳಿದು ಹೋದೆ.”

ಅಷ್ಟು ಹೇಳಿ ಎದ್ದು ಕಾರ್ಡುಗಳ ಡಬ್ಬಿಯನ್ನು ತೆಗೆದು ಕಪಾಟಿನ ಮೇಲಿನ ಸೂಟ್‌ಕೇಸಿನೊಳಗೆ ಹಾಕಿ ಬೀಗ ಹಾಕಿದಳು. ಇನ್ನು ಈ ಮನೆಯಲ್ಲಿ ಶುಕ್ರವಾರ ರೋಗಿ ಇಲ್ಲ ಎಂದಳು. ನನ್ನ ವೇಳಾಪಟ್ಟಿಯ ಮನೆಯಲ್ಲಿ ಅವಳು ಹಾಕಿದ ಮೊದಲ ಆಜ್ಞೆ ಅದು. ಸರಿ ಎಂದೆ.

ಆಮೇಲೆ ಹಳೆಯ ವರದಿಯನ್ನು ಹರಿದು ಹೊಸದನ್ನು ಬರೆದೆ. ಅದರಲ್ಲಿ ನಾಲ್ಕು ವಾಕ್ಯ. ಪ್ರಶ್ನೆಗಳ ಕ್ರಮದಲ್ಲಿ ಈಕೆ ಇನ್ನೂ ದುರ್ಬಲಳು. ಮೇಲ್ವಿಚಾರಕಿಯಾದ ನಾನು ಅಭ್ಯಾಸವೆಂದು ತಪ್ಪು ತಿಳಿದ ತೀವ್ರ ನೋವನ್ನು ಈಕೆ ನಿಜವೆಂದು ಗುರುತಿಸಿದಳು. ನಾನು ತಡೆದರೂ ರೋಗಿಯನ್ನು ಬಿಡಲಿಲ್ಲ. ನವೀಕರಣಕ್ಕೆ ಶಿಫಾರಸು ಮಾಡುತ್ತೇನೆ. ಭಾನುವಾರ ನಮ್ಮ ನರ್ಸಿಂಗ್ ಮುಖ್ಯಸ್ಥೆ, ಜೋರ್ಡಾನಿನವರು, ಅದನ್ನು ಓದಿ, ಎರಡನೆಯ ವಾಕ್ಯ ಬೇಕೇ ಎಂದು ಕೇಳಿದರು. ಅದಿಲ್ಲದೆ ಮುಂದಿನ ಎರಡಕ್ಕೆ ಆಧಾರವಿಲ್ಲ ಎಂದೆ. ಅವರು ನನ್ನನ್ನು ಪರೀಕ್ಷಕರ ಪಟ್ಟಿಯಿಂದ ತೆಗೆದರು. ಅವರ ಜಾಗದಲ್ಲಿ ನಾನಿದ್ದರೂ ತೆಗೆಯುತ್ತಿದ್ದೆ. ಮಂಗಳವಾರ ಬೇರೆಯವರ ಮುಂದೆ ಹರಿಣಾಕ್ಷಿ ಹದಿನಾಲ್ಕರಲ್ಲಿ ಹನ್ನೊಂದು ಪ್ರಶ್ನೆ ಕೇಳಿ, ಅದರಲ್ಲೂ ಎರಡನ್ನು ತಲೆಕೆಳಗು ಮಾಡಿ, ಹೇಗೋ ದಾಟಿದಳು. ಒಪ್ಪಂದ ಎರಡು ವರ್ಷಕ್ಕೆ ನವೀಕರಣವಾಯಿತು. ವರದಿಯ ಪ್ರತಿ ಅವಳ ಕೈಗೂ ಹೋಗಿತ್ತು. ಅವಳು ಅದರ ಬಗ್ಗೆ ನನ್ನೊಡನೆ ಮಾತಾಡಲಿಲ್ಲ, ಆದರೆ ಆ ವಾರದಿಂದ ಚಾರ್ಟು ತುಂಬಿಸಲು ಮರೆಯಲಿಲ್ಲ.

ಮಾತಾಡಿದ್ದು, ಸರಿಯಾಗಿ ಹೇಳುವುದಾದರೆ ಜಗಳಾಡಿದ್ದು, ಕೃಪಾ. ಮನೆಗೆ ಬಂದ ದಿನ ಶೀಲಾ ಅವಳಿಗೆ, ನಿಜ ಎಲ್ಲರಿಗೂ ಗೊತ್ತಾಗಿದೆ ಎಂದಳು.

“ನಾನು ಅಷ್ಟು ಚೆನ್ನಾಗಿ ಹೇಳಿದ್ದೆ. ನೀವು ಯಾಕೆ ಹಾಳು ಮಾಡಿದ್ರಿ ಅಜ್ಜಿ?”

ಮೂರು ದಿನ ನನ್ನೊಡನೆ ಮಾತು ಬಿಟ್ಟಳು, ಗೋಡೆಗೆ ಮುಖ ಮಾಡಿ ಗಂಜಿ ಕುಡಿದಳು. ಅವಳಿಗೆ ನೋವಿನ ಬಗ್ಗೆ ಸಿಟ್ಟಿರಲಿಲ್ಲ, ಹೊರಳಾಡಿಸಿದ್ದಕ್ಕೂ ಇರಲಿಲ್ಲ. ಅವಳ ಪಾತ್ರವನ್ನು ನಾನು ಮಧ್ಯದಲ್ಲಿ ನಿಲ್ಲಿಸಿದ್ದೆ, ಅದಕ್ಕೆ. ಈ ಹುಡುಗಿ ಮುಂದೆ ಏನಾಗುತ್ತಾಳೆ ಎಂದು ಆ ಮೂರು ದಿನಗಳಲ್ಲಿ ನನಗೆ ಸ್ವಲ್ಪ ಅಂದಾಜಾಯಿತು, ಸ್ವಲ್ಪ ಹೆದರಿಕೆಯೂ ಆಯಿತು. ಕಳೆದ ತಿಂಗಳು ಅವಳ ಸಂದರ್ಶನ ಓದಿ ನಾನು ಅಡಿಲೇಡಿಗೆ ಫೋನ್ ಮಾಡಿ, ಇನ್ನಾದರೂ ಸರಿಯಾದದ್ದನ್ನು ಹೇಳು ಎಂದೆ. ಅದು ಹರಿಣಾಕ್ಷಿಯಕ್ಕ ಕೊಟ್ಟ ಡೈಲಾಗು, ಅವರು ಹೇಳಿದರೆ ಮಾತ್ರ ಬದಲಾಯಿಸುತ್ತೇನೆ ಎಂದು ನಕ್ಕಳು. ಹರಿಣಾಕ್ಷಿ ಈಗ ಕಾರ್ಕಳದಲ್ಲಿದ್ದಾಳೆ. ಇರಲಿ ಬಿಡಿ ಸಿಸ್ಟರ್ ಎನ್ನುತ್ತಾಳೆ. ಆದ್ದರಿಂದ ನಾನೇ ಬರೆಯಬೇಕಾಯಿತು.

ಆಗ, ಕೃಪಾಳ ಶಸ್ತ್ರಚಿಕಿತ್ಸೆಯಾಗಿ ಎರಡು ತಿಂಗಳಾದ ಮೇಲೆ, ಹೊಸ ತಂಡದ ಪರೀಕ್ಷೆ ಬಂತು. ಜೆಸಿಂತಾಳ ತಂಗಿಯೂ ಅದರಲ್ಲಿದ್ದಳು. ಕೃಪಾ ಎರಡು ವಾರ ಅಮ್ಮನ ಬೆನ್ನು ಬಿಡಲಿಲ್ಲ; ಕೊನೆಗೆ ಶೀಲಾ ಸೂಟ್‌ಕೇಸಿನ ಬೀಗ ತೆಗೆದಳು. ಆದರೆ ಅದಕ್ಕೆ ಮೊದಲು ನನ್ನ ವೇಳಾಪಟ್ಟಿಯ ಕೆಳಗೆ ತನ್ನ ಕೈಬರಹದಲ್ಲಿ ಒಂದು ಸಾಲು ಸೇರಿಸಿದಳು: ರೋಗಿ ‘ಸಾಕು’ ಎಂದರೆ ಆಟ ಅಲ್ಲಿಗೆ ನಿಲ್ಲಬೇಕು, ಮಾರ್ಕು ಕಡಿತವಿಲ್ಲ, ಯಾಕೆಂದು ಯಾರೂ ಕೇಳಬಾರದು. ಆ ಶುಕ್ರವಾರ ಶೀಲಾಳೂ ಕೋಣೆಯಲ್ಲಿ ಕೂತಳು, ಕೈಯಲ್ಲಿ ತಿದ್ದುವ ಉತ್ತರಪತ್ರಿಕೆಗಳು, ಕಣ್ಣು ಮಗಳ ಮೇಲೆ. ಹರಿಣಾಕ್ಷಿ ಅಭ್ಯಾಸಕ್ಕಲ್ಲ, ಸುಮ್ಮನೆ ಬಂದಿದ್ದಳು. ಕೃಪಾ ಕಾರ್ಡು ಓದಿ ಮಲಗಿದಳು. ಕಾಲು ಮುರಿದ ಮುದುಕಿಯ ಪಾತ್ರ, ಚೆನ್ನಾಗಿಯೇ ನಡೆಯುತ್ತಿತ್ತು. ನಾಲ್ಕನೆಯ ಪ್ರಶ್ನೆಗೆ ಉತ್ತರ ಕೊಡುವ ಬದಲು ಸಣ್ಣ ದನಿಯಲ್ಲಿ, ಕೊನೆಯ ಅಕ್ಷರ ನುಂಗದೆ, ಸಾಕು ಎಂದಳು.

ಶೀಲಾಳ ಉತ್ತರಪತ್ರಿಕೆಗಳು ನೆಲಕ್ಕೆ ಬಿದ್ದವು. ನಾನು ಎದ್ದು ನಿಂತಿದ್ದೆ. ಪ್ರಶ್ನೆ ಕೇಳುತ್ತಿದ್ದ ಜೆಸಿಂತಾಳ ತಂಗಿ ಗೋಡೆಗೆ ಒತ್ತಿಕೊಂಡಳು. ಕೃಪಾ ಎದ್ದು ಕೂತು ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದಳು.

“ಎಂತದೂ ಇಲ್ಲ. ನಿಲ್ತದಾ ಅಂತ ನೋಡಿದ್ದು.”

ಬೈಯಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಹರಿಣಾಕ್ಷಿ ಅವಳ ಪಕ್ಕದಲ್ಲಿ ಕೂತು, ಅವಳ ಮಾತನ್ನು ಕೇಳಿಯೇ ಇಲ್ಲವೆಂಬಂತೆ, ಹಣೆ ಮುಟ್ಟಿ, ಹೊಟ್ಟೆಯ ಮೇಲೆ ಅಂಗೈ ಇಟ್ಟು ನೋಡುತ್ತಿದ್ದಳು. ಕೃಪಾ ಮತ್ತೆ ಮಲಗಿ ನೋಡಿಸಿಕೊಂಡಳು. ನಾನು ಪುಸ್ತಕ ಕೆಳಗಿಟ್ಟು ಹೋಗಿ ಮಂಚದ ಆಚೆ ಬದಿಯಲ್ಲಿ ಕೂತು, ಹರಿಣಾಕ್ಷಿ ಕೈ ತೆಗೆಯುವುದನ್ನು ಕಾದು, ನನ್ನ ಕೈ ಇಟ್ಟೆ.